ಸತ್ಯವಾಕ್ಯವೂ ಆತ್ಮೋನ್ನತಿಯೂ

ಸತ್ಯವನ್ನು ಹೊಗಳುವುದು ಸುಲಭ. ಆದರೆ ಪ್ರಾಣಭಯವೋ ಶೋಕವೋ ಒದಗಿದಾಗ ಅದನ್ನು ಪಾಲಿಸುವ ಬಗೆ ಹೇಗೆಂಬ ಪ್ರಶ್ನೆ ಬಂದರೆ ಸ್ತೋತ್ರವು ಸಾಲದು, ವಿಚಾರವು ಬೇಕಾಗುವುದು. ಕ್ರೈಸ್ತಮತದಲ್ಲಿ ಈ ವಿಚಾರವನ್ನು ಬಹು ನಿಷ್ಠುರವಾಗಿ ನಡೆಸಿದವರು ಸಂತ ಅಗಸ್ಟೀನರು. ಈ ತಿಂಗಳು ಅವರ ವಿಷಯವನ್ನು ವಾಚಕರ ಮುಂದಿಡುವೆವು.

ಇವರು ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿದರು. ವೃತ್ತಿಯಿಂದ ನಮ್ಮಂತೆಯೇ ಉಪಾಧ್ಯಾಯರು, ವಾಕ್ಚಾತುರ್ಯವನ್ನು ಕಲಿಸುತ್ತಿದ್ದರು. ಮಿಲಾನ್ ನಗರದಲ್ಲಿ ಚಕ್ರವರ್ತಿಯನ್ನು ಸ್ತುತಿಸಿ ಭಾಷಣಮಾಡುವ ಕಾರ್ಯವು ಇವರ ಪಾಲಿಗೆ ಬಂದಿತು. ಅದರಲ್ಲಿ ಬಹುಭಾಗ ಸುಳ್ಳೆಂಬುದನ್ನು ಇವರೂ ಬಲ್ಲರು, ಮೆಚ್ಚತಕ್ಕವರೂ ಬಲ್ಲರು. ಆಗ ಬೀದಿಯಲ್ಲಿ ಕುಡಿದು ನಗುತ್ತಿದ್ದ ತಿರುಕನೊಬ್ಬನು ಕಣ್ಣಿಗೆ ಬಿದ್ದನು. ಅವನು ಜನರಿಗೆ ಶುಭವನ್ನು ಕೋರಿ ಮದ್ಯವನ್ನು ಸಂಪಾದಿಸಿದ್ದನು. ತಾವಾದರೋ ಸುಳ್ಳಾಡಿ ಕೀರ್ತಿಯನ್ನು ಅರಸುತ್ತಿರುವೆವೆಂದು ಅವರ ಮನಸ್ಸು ನೊಂದಿತು. 387ರಲ್ಲಿ ದೀಕ್ಷಾಸ್ನಾನವನ್ನು ಹೊಂದಿ, ಸುಮಾರು ಹತ್ತು ವರ್ಷಗಳ ಬಳಿಕ ಈ ಸಂಗತಿಯನ್ನೂ ಬಾಲ್ಯದಲ್ಲಿ ನೆರೆಯ ತೋಟದ ಹಣ್ಣುಗಳನ್ನು ಕದ್ದುದನ್ನೂ ತಮ್ಮ ಆತ್ಮನಿವೇದನ ಗ್ರಂಥದಲ್ಲಿ ಬರೆದಿಟ್ಟರು. ಸರ್ವಜ್ಞನಾದ ದೇವರಿಗೆ ಇದರಿಂದ ತಿಳಿಯಬೇಕಾದುದೇನೂ ಇಲ್ಲ. ತಮ್ಮನ್ನು ತಾವು ವಂಚಿಸಿಕೊಳ್ಳದಿರುವುದೇ ಅದರ ಪ್ರಯೋಜನ.

ಅಸತ್ಯವನ್ನು ಕುರಿತು ಅವರು ಬರೆದ ಮೊದಲ ಗ್ರಂಥದಲ್ಲಿ ತಗಾಸ್ತೆಯ ಧರ್ಮಾಧ್ಯಕ್ಷ ಫಿರ್ಮಸ್ ಎಂಬವರ ಕಥೆಯಿದೆ. ಆ ಹೆಸರಿಗೆ ದೃಢನೆಂದೇ ಅರ್ಥ. ಚಕ್ರವರ್ತಿಯ ಭಟರು ಹುಡುಕುತ್ತಿದ್ದ ಒಬ್ಬನನ್ನು ಅವರು ಅಡಗಿಸಿಟ್ಟಿದ್ದರು. ಕೇಳಿದಾಗ, ಸುಳ್ಳನ್ನೂ ಆಡಲಾರೆ, ಅವನನ್ನೂ ಒಪ್ಪಿಸಲಾರೆ ಎಂದು ಹೇಳಿ ಚಿತ್ರಹಿಂಸೆಯನ್ನು ಸಹಿಸಿದರು. ಕಡೆಗೆ ಚಕ್ರವರ್ತಿಯೇ ಮೆಚ್ಚಿ ಆ ಮನುಷ್ಯನನ್ನು ಕ್ಷಮಿಸಿದನು. ಮಹಾಭಾರತದ ಕೌಶಿಕನು ಕಳ್ಳರಿಗೆ ನಿಜವನ್ನು ನುಡಿದು, ಓಡಿಬಂದವರ ಪ್ರಾಣಹಾನಿಗೆ ಕಾರಣನಾಗಿ ನರಕಕ್ಕಿಳಿದನಷ್ಟೆ? ಅವನ ಸತ್ಯದ ಬೆಲೆಯನ್ನು ಪರರು ತೆತ್ತರು. ಫಿರ್ಮಸರ ಸತ್ಯದ ಬೆಲೆಯನ್ನು ಅವರ ದೇಹವೇ ತೆತ್ತಿತು. ಭೇದವು ಇಲ್ಲಿದೆ.

ಸುಮಾರು 420ರಲ್ಲಿ ಬರೆದ ಎರಡನೆಯ ಗ್ರಂಥದ ಪ್ರಶ್ನೆಯು ಇನ್ನೂ ಕಠಿನ. ಮರಣಾಸನ್ನನಾದ ರೋಗಿಯು ತನ್ನ ಮಗನ ಕ್ಷೇಮವನ್ನು ಕೇಳುತ್ತಾನೆ. ಮಗನು ಆಗಲೇ ತೀರಿಹೋಗಿದ್ದಾನೆ. ಇದ್ದಾನೆ, ಇಲ್ಲ, ಅರಿಯೆನು ಎಂಬ ಮೂರೇ ಉತ್ತರಗಳು. ಅವುಗಳಲ್ಲಿ ಎರಡು ಸುಳ್ಳು, ಉಳಿದೊಂದು ಪ್ರಾಣಾಪಹಾರಿ. ಈ ಸಂಕಟಕ್ಕೆ ತಮ್ಮ ಹೃದಯವೂ ಕರಗುವುದೆಂದು ಅಗಸ್ಟೀನರು ಮರೆಮಾಚದೆ ಹೇಳುತ್ತಾರೆ. ಆದರೂ ಸುಳ್ಳಿಗೆ ಒಪ್ಪುವುದಿಲ್ಲ. ಒಂದಕ್ಕೆ ಎಡೆಗೊಟ್ಟರೆ ಅದು ಬೆಳೆಯುತ್ತ ಹೋಗುವುದೆಂಬುದು ಅವರ ಭೀತಿ.

ಗೃಹಸ್ಥರಾದ ನಮಗೆ ಈ ತೀರ್ಪು ಕರ್ಕಶವೆಂದು ತೋರಬಹುದು. ಆದರೆ ಒಮ್ಮೆ ಮೋಸಹೋದ ರೋಗಿಯು, ಮರುದಿನ ಜ್ವರವು ಇಳಿಯಿತೆಂದು ನಿಜವನ್ನೇ ಹೇಳಿದರೂ ನಂಬುವನೇ? ಮಾತಿನಲ್ಲಿ ನಂಬಿಕೆಯಳಿದ ಮನೆಯಲ್ಲಿ ಸಾಂತ್ವನಕ್ಕೂ ಬಲವಿಲ್ಲ. ಹೇಳುವ ಹೊತ್ತನ್ನು ಅರಿಯುವುದು, ಬಳಿಯಲ್ಲಿ ಕುಳಿತು ಕೈಹಿಡಿದು ಹೇಳುವುದು, ಹೇಳಿದ ಬಳಿಕ ಎದ್ದುಹೋಗದಿರುವುದು, ಇವುಗಳನ್ನು ಕಲಿತವರಿಗೆ ಸುಳ್ಳಿನ ಅಗತ್ಯವು ಕಡಿಮೆಯಾಗುವುದೆಂದು ನಾವು ಭಾವಿಸುವೆವು.

ಅಗಸ್ಟೀನರು ಎಪ್ಪತ್ತು ದಾಟಿದ ಮೇಲೆ ತಮ್ಮ ಗ್ರಂಥಗಳನ್ನೆಲ್ಲ ಮತ್ತೆ ಓದಿ ದೋಷಗಳನ್ನು ತಾವೇ ಎತ್ತಿತೋರಿಸುವ ಪುಸ್ತಕವೊಂದನ್ನು ರಚಿಸಿದರು. ಅಸತ್ಯದ ಮೇಲಣ ಮೊದಲ ಗ್ರಂಥವು ಕ್ಲಿಷ್ಟವೂ ತೊಡಕಾದುದೂ ಆಗಿದೆ, ಅದನ್ನು ತೆಗೆದುಹಾಕಲೆಣಿಸಿದ್ದೆನು ಎಂದು ಅದರಲ್ಲಿ ಬರೆದಿದ್ದಾರೆ. ಕೀರ್ತಿಗಾಗಿ ಸುಳ್ಳಾಡಲು ಹೊರಟಿದ್ದವರು ಕೀರ್ತಿಯು ಕೈಸೇರಿದ ಮೇಲೆ ತಮ್ಮ ಕುಂದುಗಳನ್ನು ತಾವೇ ಎಣಿಸಿದರು. ಆತ್ಮವು ಎಷ್ಟು ಬೆಳೆದಿತೆಂಬುದಕ್ಕೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.