ಅಹ್ಮದ್ ಖಾನ್ ಯಾರೆಂದು ಗೊತ್ತೇ?

ನಮ್ಮ ಕಾಲೇಜಿನಲ್ಲಿ ಸ್ಟೀವನ್ ಜೆರಾರ್ಡ್ ಯಾರೆಂದು ಕೇಳಿದರೆ ತರಗತಿಯ ಅರ್ಧ ಜನ ಕೈ ಎತ್ತುತ್ತಾರೆ. 1998ರಿಂದ 2015ರವರೆಗೆ ಲಿವರ್‌ಪೂಲ್ ತಂಡಕ್ಕೇ ಆಡಿದ ಮಿಡ್‌ಫೀಲ್ಡರ್ ಎಂದು ವರ್ಷ ಸಮೇತ ಹೇಳುತ್ತಾರೆ. ಅಹ್ಮದ್ ಖಾನ್ ಯಾರೆಂದು ಕೇಳಿದರೆ, "ಯಾವ ಸೆಕ್ಷನ್?" ಎಂದು ನನ್ನನ್ನೇ ಕೇಳುತ್ತಾರೆ.

ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1926ರ ಡಿಸೆಂಬರ್ 24ರಂದು ಇಲ್ಲೇ ಹುಟ್ಟಿದರು, 2017ರ ಆಗಸ್ಟ್ 27ರಂದು ಇಲ್ಲೇ ತೀರಿಕೊಂಡರು. ಹುಡುಗನಾಗಿದ್ದಾಗ ಬೆಂಗಳೂರು ಕ್ರೆಸೆಂಟ್ಸ್‌ಗೆ, ಆಮೇಲೆ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಆಡಿದರು. ಬೆಂಗಳೂರು ಮುಸ್ಲಿಮ್ಸ್ ಸಣ್ಣ ತಂಡವಲ್ಲ. ಬ್ರಿಟಿಷ್ ಸೇನೆಯ ತಂಡಗಳೇ ಹೆಚ್ಚಾಗಿ ಗೆಲ್ಲುತ್ತಿದ್ದ ಮುಂಬೈನ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದು ತಂದ ತಂಡ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಹ್ಮದ್ ಬರಿಗಾಲಲ್ಲೇ ಭಾರತಕ್ಕಾಗಿ ಆಡಿದರು. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಅವರ ಜಾಗ 'ಇನ್‌ಸೈಡ್ ಲೆಫ್ಟ್'. ಈಗಿನ ಮಾತಿನಲ್ಲಿ ಹೇಳುವುದಾದರೆ ಅಟ್ಯಾಕಿಂಗ್ ಮಿಡ್‌ಫೀಲ್ಡರ್‌ಗೆ ಹತ್ತಿರದ ಜಾಗ.

1949ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅದೇ ವರ್ಷ ಕ್ಲಬ್ಬು ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಅಹ್ಮದ್, ಅಪ್ಪಾರಾವ್, ಧನರಾಜ್, ಸಾಲೇಹ್, ವೆಂಕಟೇಶ್ ಈ ಐವರೂ ದಕ್ಷಿಣ ಭಾರತದವರು. ಬಂಗಾಳದ ಜನ ಇವರನ್ನು 'ಪಂಚಪಾಂಡವರು' ಎಂದು ಕರೆದರು. ಆ ಕ್ಲಬ್ಬಿನ ಅಭಿಮಾನಿಗಳಲ್ಲಿ ಬಹಳ ಮಂದಿ ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದವರು. ಅಂಥವರು ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗನನ್ನು ಪಾಂಡವರಲ್ಲಿ ಒಬ್ಬನೆಂದು ಎಣಿಸಿದರು. ಕ್ರಿಕೆಟ್ ಮ್ಯಾಚಿನ ದಿನ ಬಸ್ಸಿನಲ್ಲಿ "ನೀನು ಯಾವ ಕಡೆ?" ಎಂದು ತಮಾಷೆಗೆ ಕೇಳಿಸಿಕೊಂಡಿರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ಪ್ರತಿವರ್ಷ ಲೀಗ್ ಶುರುವಾಗುವ ಮುಂಚೆ ಆಟಗಾರರು ಕ್ಲಬ್ ಬದಲಿಸುವುದು ಕಲ್ಕತ್ತಾದಲ್ಲಿ ಮಾಮೂಲಾಗಿತ್ತು. ಅಹ್ಮದ್ ಮಾತ್ರ 1959ರವರೆಗೆ, ಹತ್ತು ವರ್ಷ, ಈಸ್ಟ್ ಬೆಂಗಾಲ್‌ನಲ್ಲೇ ಉಳಿದರು.

ನಿಷ್ಠೆ ಎಂದರೆ ಹುಟ್ಟಿದ ಊರು ಬಿಡದೆ ಇರುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗಾದರೆ ಅಹ್ಮದ್ ಖಾನ್ ನಿಷ್ಠಾವಂತರೇ ಅಲ್ಲ, ಅವರು ಊರು ಬಿಟ್ಟು ಹೋದವರು. ನನ್ನ ಪ್ರಕಾರ ನಿಷ್ಠೆ ಎಂದರೆ ಮೈಮೇಲೆ ಯಾವ ಜೆರ್ಸಿ ಇದೆಯೋ ಅದಕ್ಕಾಗಿ ಕೊನೆಯ ನಿಮಿಷದವರೆಗೂ ಆಡುವುದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ನಮ್ಮ ಮೇಲೆ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಒಂದು ಗೋಲು ಬಂದದ್ದು 89ನೇ ನಿಮಿಷದಲ್ಲಿ. ಹೊಡೆದವರು ಅಹ್ಮದ್ ಖಾನ್. ಆ ಗೋಲಿನಿಂದ ಪಂದ್ಯ ಗೆಲ್ಲುವಂತಿರಲಿಲ್ಲ. ಆದರೂ ಹೊಡೆದರು.

ಈಗ ನಮ್ಮ ವಿಷಯಕ್ಕೆ ಬರೋಣ. ಕಾಲೇಜು ತಂಡಕ್ಕೆ ಹೆಸರು ಕೊಟ್ಟು, ಪಂದ್ಯದ ದಿನ ನಗದು ಬಹುಮಾನದ ಟರ್ಫ್ ಟೂರ್ನಿಗೆ ಹೋಗುವವರು ನಮ್ಮಲ್ಲಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಬೂಟು ಕೊಳ್ಳಲು, ಕೆಲವರಿಗೆ ಫೀಸು ಕಟ್ಟಲೂ ಆ ದುಡ್ಡು ಬೇಕು. ಆದರೆ ನಮ್ಮ ತರಗತಿಯ ಒಬ್ಬನಿಗೆ ಅಂಥ ಒಂದು ಟೂರ್ನಿಯಲ್ಲಿ ಮೊಣಕಾಲು ತಿರುಚಿತು. ಆಡಿಸಿದವರು ಆಮೇಲೆ ಅವನ ಫೋನ್ ಕೂಡ ಎತ್ತಲಿಲ್ಲ. ಅವನನ್ನು ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಕರೆದುಕೊಂಡು ಹೋದವರು, ಅವನು ಕೈಕೊಟ್ಟು ಹೋಗಿದ್ದ ನಮ್ಮ ಕಾಲೇಜು ತಂಡದ ಹುಡುಗರೇ.

ಆದ್ದರಿಂದ ನಿಷ್ಠೆಯನ್ನು ಆಟಗಾರನಿಂದ ಮಾತ್ರ ಕೇಳುವುದು ನ್ಯಾಯವಲ್ಲ. ತಂಡವೂ ಅವನಿಗೆ ನಿಷ್ಠವಾಗಿರಬೇಕು. ಹೆಸರು ಕೊಟ್ಟವನು ಪಂದ್ಯಕ್ಕೆ ಬರಲಿ. ಬಂದವನಿಗೆ ಬೂಟು, ಪೆಟ್ಟಾದರೆ ಚಿಕಿತ್ಸೆಯ ಖರ್ಚು ಕಾಲೇಜಿನ ಕ್ರೀಡಾ ನಿಧಿಯಿಂದ ಸಿಗಲಿ.

ಅಕೌಂಟೆನ್ಸಿಯಲ್ಲಿ ನಮಗೆ ಗುಡ್‌ವಿಲ್ ಬಗ್ಗೆ ಪಾಠ ಇದೆ. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಲೆಕ್ಕದ ಪುಸ್ತಕಕ್ಕೆ ಬರುತ್ತದೆ, ವರ್ಷಗಟ್ಟಲೆ ದುಡಿದು ತಾನಾಗಿ ಗಳಿಸಿದ್ದು ಬರುವುದಿಲ್ಲ. ಅಹ್ಮದ್ ಖಾನ್ ಗಳಿಸಿದ್ದು ಈ ಎರಡನೆಯ ಬಗೆಯದು. ಅರ್ಜುನ ಪ್ರಶಸ್ತಿ ಶುರುವಾದದ್ದೇ 1961ರಲ್ಲಿ, ಅವರು ಈಸ್ಟ್ ಬೆಂಗಾಲ್ ಬಿಟ್ಟ ಮೇಲೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅಲ್ಲಿಯವರ ಫುಟ್‌ಬಾಲ್ ಪ್ರೀತಿಗೆ ನನ್ನ ಸಲಾಂ. ಬ್ರೆಜಿಲ್‌ನ ಪೆಲೆಯನ್ನು ನೆನಪಿಟ್ಟುಕೊಂಡ ಊರು ತನ್ನ ಮಗನನ್ನೂ ನೆನಪಿಡಬೇಕು.

ಪ್ರತಿಮೆ ನಮ್ಮ ಕೈಲಾಗುವ ಕೆಲಸವಲ್ಲ. ಒಂದು ಕಪ್ ಇಡುವುದು ಆಗುತ್ತದೆ. ನಮ್ಮ ಅಂತರ ತರಗತಿ ಫುಟ್‌ಬಾಲ್ ಟೂರ್ನಿಗೆ ಇದುವರೆಗೆ ಹೆಸರಿಲ್ಲ. ಅದಕ್ಕೆ 'ಅಹ್ಮದ್ ಖಾನ್ ಕಪ್' ಎಂದು ಹೆಸರಿಡಬೇಕೆಂದು ಪ್ರಾಂಶುಪಾಲರಲ್ಲಿ, ಪಿ.ಟಿ. ಸರ್ ಅವರಲ್ಲಿ ವಿನಂತಿಸುತ್ತೇನೆ. ಕಪ್ಪಿನ ಮೇಲೆ ಅವರ ಹೆಸರು, ಕೆಳಗೆ '1949–1959' ಎಂದು ಕೆತ್ತಿಸಿದರೆ ಸಾಕು. ಆ ವರ್ಷಗಳು ಏನೆಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ, ನಾವು ಹೇಳೋಣ.