ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬಿಸಿಯಾದರೆ ಫ್ರೀಜರ್‌ನಲ್ಲಿ ಇಡಬಹುದೇ?

ಮದುವೆ ವಿಡಿಯೊ, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊ, ಈಗ ನಮ್ಮೊಂದಿಗಿಲ್ಲದ ಅಜ್ಜಿಯ ದನಿ. ಇವೆಲ್ಲ ಇಂದು ಅನೇಕ ಮನೆಗಳಲ್ಲಿ ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್‌ನಲ್ಲಿವೆ. ಫೈಲ್ ಕಾಪಿ ಆಗುತ್ತಿರುವಾಗ ಅದನ್ನು ಮುಟ್ಟಿ ನೋಡಿ, 'ಅಯ್ಯೋ, ಇಷ್ಟು ಬಿಸಿಯಾಗಿದೆಯಲ್ಲ' ಎಂದು ಗಾಬರಿಯಾಗುವವರು ಬಹಳ ಮಂದಿ. ಆಗ ನೆನಪಾಗುವುದು ಅಂತರ್ಜಾಲದಲ್ಲಿ ಹಲವು ವರ್ಷಗಳಿಂದ ಓಡಾಡುತ್ತಿರುವ ಸಲಹೆ: 'ಡಿಸ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರ್‌ನಲ್ಲಿಡಿ, ಸರಿಹೋಗುತ್ತದೆ.' ಇದನ್ನು ಪಾಲಿಸುವ ಮೊದಲು ಡಿಸ್ಕ್ ಏಕೆ ಬಿಸಿಯಾಗುತ್ತದೆ, ಎಷ್ಟು ಬಿಸಿಯಾದರೆ ಅಪಾಯ ಎಂಬುದನ್ನು ತಿಳಿಯೋಣ.

ಬಿಸಿ ಎಲ್ಲಿಂದ ಬರುತ್ತದೆ?

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳಿರುತ್ತವೆ. ಸಾಮಾನ್ಯ ಪೋರ್ಟಬಲ್ ಡಿಸ್ಕ್‌ನಲ್ಲಿ ಇವು ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ತಿರುಗಿಸುವ ಮೋಟಾರು, ಮಾಹಿತಿ ಓದಿ ಬರೆಯುವ ಹೆಡ್, ಸರ್ಕ್ಯೂಟ್ ಬೋರ್ಡ್ ಎಲ್ಲವೂ ಶಾಖ ಉಂಟುಮಾಡುತ್ತವೆ. ಕಂಪ್ಯೂಟರಿನಲ್ಲಿರುವಂತೆ ಈ ಪುಟ್ಟ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಶಾಖ ಹೊರಚಿನ ಮೂಲಕವೇ ಹೊರಹೋಗಬೇಕು. ಹೀಗಾಗಿ ಡಿಸ್ಕ್ ಬೆಚ್ಚಗಾಗುವುದು ರೋಗವಲ್ಲ, ಅದರ ಕೆಲಸದ ಭಾಗ.

ಕೈಗೆ ಬಿಸಿ ಅನ್ನಿಸಿದರೆ ಅಪಾಯವೇ?

ನಮ್ಮ ಕೈ ಥರ್ಮಾಮೀಟರ್ ಅಲ್ಲ. ಚರ್ಮದ ಉಷ್ಣತೆ ಸುಮಾರು 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರುವುದರಿಂದ 45 ಡಿಗ್ರಿಯ ವಸ್ತುವೂ 'ತುಂಬಾ ಬಿಸಿ' ಅನ್ನಿಸುತ್ತದೆ. ಹೊರಚು ಲೋಹದ್ದಾಗಿದ್ದರೆ ಇನ್ನೂ ಹೆಚ್ಚು. ಆದರೆ ಬಹುತೇಕ ಹಾರ್ಡ್ ಡಿಸ್ಕ್‌ಗಳನ್ನು 60 ಡಿಗ್ರಿವರೆಗೂ ಕೆಲಸ ಮಾಡುವಂತೆ ರೂಪಿಸಿರುತ್ತಾರೆ.

ಗೂಗಲ್ ಸಂಶೋಧಕರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಬಿಸಿ ಏರಿದಂತೆ ಡಿಸ್ಕ್ ಕೆಡುವುದೂ ಏರುತ್ತದೆ ಎಂಬ ನಂಬಿಕೆಗೆ ಅದರಲ್ಲಿ ಅಷ್ಟಾಗಿ ಬೆಂಬಲ ಸಿಗಲಿಲ್ಲ. ಮೂರು ವರ್ಷ ದಾಟಿದ ಡಿಸ್ಕ್‌ಗಳಲ್ಲಿ ಮತ್ತು ಉಷ್ಣತೆ ಬಹಳ ಹೆಚ್ಚಿದ್ದಲ್ಲಿ ಮಾತ್ರ ಈ ನಂಟು ಎದ್ದು ಕಂಡಿತು. ಹಾಗೆಂದು ಬಿಸಿಯಿಂದ ಏನೂ ಆಗದು ಎಂದಲ್ಲ. ಆ ಡಿಸ್ಕ್‌ಗಳಿದ್ದದ್ದು ತಂಪು ಗಾಳಿಯ ವ್ಯವಸ್ಥೆಯಿರುವ ಡೇಟಾ ಸೆಂಟರ್‌ಗಳಲ್ಲಿ, ನಮ್ಮ ಮನೆಯ ಹಾಸಿಗೆಯ ಮೇಲಲ್ಲ!

ನಿಜವಾದ ತೊಂದರೆ ಎಲ್ಲಿದೆ?

ಪೋರ್ಟಬಲ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ 5ರಿಂದ 35 ಡಿಗ್ರಿ ಉಷ್ಣತೆಯಿರುವ ಜಾಗದಲ್ಲಿ ಬಳಸಬೇಕೆಂದು ತಯಾರಕರು ಸೂಚಿಸುತ್ತಾರೆ. ಇದು ಡಿಸ್ಕ್‌ನ ಒಳಗಿನ ಲೆಕ್ಕವಲ್ಲ, ಸುತ್ತಲಿನ ಗಾಳಿಯ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಮಧ್ಯಾಹ್ನ ಕೋಣೆಯೇ ಈ ಮಿತಿ ಮೀರಬಹುದು. ಅದರ ಮೇಲೆ ಡಿಸ್ಕನ್ನು ದಿಂಬಿನ ಮೇಲೋ, ಸೆಟ್-ಟಾಪ್ ಬಾಕ್ಸ್ ಮೇಲೋ ಇಟ್ಟು ಗಂಟೆಗಟ್ಟಲೆ ಕಾಪಿ ಮಾಡಿದರೆ ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟುಬರುವುದೂ ಅಷ್ಟೇ ಕೆಟ್ಟದ್ದು.

ಇದಕ್ಕೆ ಪರಿಹಾರಗಳು ಸರಳ:

• ಡಿಸ್ಕನ್ನು ಮೇಜಿನಂತಹ ಗಟ್ಟಿ ಜಾಗದಲ್ಲಿ, ಬಟ್ಟೆಯ ಚೀಲದಿಂದ ಹೊರತೆಗೆದು ಬಳಸಿ. ಸುತ್ತ ಗಾಳಿಯಾಡಲಿ.
• ಹೆಚ್ಚು ಫೈಲ್ ಇದ್ದರೆ ಬೆಳಗ್ಗೆ ಅಥವಾ ರಾತ್ರಿ ಕಾಪಿ ಮಾಡಿ.
• ಯುಎಸ್‌ಬಿ 3 ಪೋರ್ಟ್ ಬಳಸಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಒಂದು ಟಿಬಿ ಕಾಪಿಯಾಗಲು ಮೂರು ಗಂಟೆ ಸಾಕು. ಹಳೆಯ ಯುಎಸ್‌ಬಿ 2ರಲ್ಲಿ ಎಂಟು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ಡಿಸ್ಕ್ ದುಡಿಯುತ್ತಲೇ ಇರುತ್ತದೆ.
• ಕೆಲಸ ಮುಗಿದ ಮೇಲೆ 'ಇಜೆಕ್ಟ್' ಕೊಟ್ಟು ಕೇಬಲ್ ತೆಗೆದಿಡಿ.
• ವಿಂಡೋಸ್ ಕಂಪ್ಯೂಟರಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಬಹುತೇಕ ಡಿಸ್ಕ್‌ಗಳ ಉಷ್ಣತೆ ತೋರಿಸುತ್ತದೆ. 50 ದಾಟಿ ಏರುತ್ತಿದ್ದರೆ ಕಾಪಿ ನಿಲ್ಲಿಸಿ, ಇಜೆಕ್ಟ್ ಮಾಡಿ, ಫ್ಯಾನ್ ಕೆಳಗೆ ಆರಲು ಬಿಡಿ.

ಎಲ್ಲ ದೋಷಕ್ಕೂ ಬಿಸಿಯೇ ಕಾರಣವಲ್ಲ ಎಂಬುದೂ ನೆನಪಿರಲಿ. ಮೊಬೈಲ್‌ಗೆ ಓಟಿಜಿ ಮೂಲಕ ಜೋಡಿಸಿದಾಗ ಡಿಸ್ಕ್ ಪದೇಪದೇ ಸಂಪರ್ಕ ಕಳೆದುಕೊಂಡರೆ, ಫೋನು ಅದಕ್ಕೆ ಬೇಕಾದಷ್ಟು ವಿದ್ಯುತ್ ಕೊಡುತ್ತಿಲ್ಲದಿರಬಹುದು.

ಫ್ರೀಜರ್ ಏಕೆ ಬೇಡ?

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಮೈಮೇಲೆ ಹನಿ ಮೂಡುವುದನ್ನು ನೋಡಿದ್ದೀರಲ್ಲ? ತಣ್ಣಗಾದ ಡಿಸ್ಕ್ ಹೊರಬಂದಾಗಲೂ ಅದೇ ಆಗುತ್ತದೆ. ಬಹುತೇಕ ಡಿಸ್ಕ್‌ಗಳು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಗಳಲ್ಲ. ಒತ್ತಡ ಸರಿದೂಗಿಸಲು ಅವುಗಳಲ್ಲಿ ಒಂದು ಪುಟ್ಟ ರಂಧ್ರವಿರುತ್ತದೆ. ಒಳಗಿರುವ ಗಾಳಿಯ ತೇವವೇ ತಟ್ಟೆಯ ಮೇಲೆ ಕೂರಬಹುದು. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ, ನಮ್ಮ ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್! ಅಂತಹ ಸಂದಿಯಲ್ಲಿ ನೀರಿನ ಒಂದು ಕಣವೂ ದೊಡ್ಡ ಬಂಡೆ. ಅಂಟಿಕೊಂಡ ಭಾಗಗಳು ಚಳಿಗೆ ಕುಗ್ಗಿ ಬಿಡಿಸಿಕೊಳ್ಳಲಿ ಎಂದು ಹಳೆಯ ಡಿಸ್ಕ್‌ಗಳ ಮೇಲೆ ಕೆಲವರು ಮಾಡಿದ ಕೊನೆಯ ಪ್ರಯತ್ನವೇ ಇಂದು 'ಸುಲಭ ಉಪಾಯ'ವಾಗಿ ಹರಿದಾಡುತ್ತಿದೆ. ಐಸ್ ಮತ್ತು ಒದ್ದೆ ಬಟ್ಟೆಗೂ ಇದೇ ಮಾತು.

ಡಿಸ್ಕ್‌ನಿಂದ 'ಟಕ್ ಟಕ್' ಸದ್ದು ಪದೇಪದೇ ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಕೇಬಲ್ ತೆಗೆದು, ಡೇಟಾ ಮರಳಿ ಪಡೆಯಬಲ್ಲ ತಜ್ಞರಿಗೆ ಕೊಡಿ.

ಇದು ನಿಜಕ್ಕೂ ಬ್ಯಾಕಪ್ಪೇ?

ಫೋನಿನಲ್ಲಿ ಜಾಗ ಸಾಲದೆ ಫೋಟೊಗಳನ್ನು ಡಿಸ್ಕ್‌ಗೆ ಹಾಕಿ, ಫೋನಿನಿಂದ ಅಳಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಹಾಗೆ ಮಾಡಿದ ಕ್ಷಣದಲ್ಲೇ ಆ ಡಿಸ್ಕ್ ಬ್ಯಾಕಪ್ ಆಗಿ ಉಳಿಯುವುದಿಲ್ಲ. ಅದೇ ಏಕೈಕ ಪ್ರತಿಯಾಗುತ್ತದೆ. ಎಷ್ಟೇ ತಂಪಾಗಿಟ್ಟರೂ ಅದು ಕೈಜಾರಿ ಬೀಳಬಹುದು, ಕಳುವಾಗಬಹುದು, ವಯಸ್ಸಾಗಿ ಕೆಡಬಹುದು. ಹೀಗಾಗಿಯೇ ತಜ್ಞರು 3-2-1 ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ. ಆ ಹೊರಗಿನ ಪ್ರತಿ ಕ್ಲೌಡ್‌ನಲ್ಲಿರಬಹುದು, ಇನ್ನೊಂದು ಊರಿನಲ್ಲಿರುವ ಅಕ್ಕನ ಮನೆಯ ಕಪಾಟಿನಲ್ಲೂ ಇರಬಹುದು.

ಒಟ್ಟಿನಲ್ಲಿ, ಡಿಸ್ಕ್ ಬೆಚ್ಚಗಾದರೆ ಗಾಬರಿ ಬೇಡ, ಗಾಳಿಯಾಡಲು ಬಿಡಿ. ಫ್ರೀಜರ್‌ನ ಸಲಹೆ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು ಇಂದೇ ಆ ಫೋಟೊಗಳ ಇನ್ನೊಂದು ಪ್ರತಿ ಮಾಡಿಡಿ.