ಬೊಂಬೆಯ ಊರಿನ ಹೆದ್ದಾರಿ

ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಬೆಂಗಳೂರಿನಿಂದ ಮೈಸೂರಿಗೆ ಮೋಟಾರಿನಲ್ಲಿ ಹೊರಟವರಿಗೆ ಚನ್ನಪಟ್ಟಣವನ್ನು ದಾಟುವುದು ಸುಲಭದ ಮಾತಾಗಿರಲಿಲ್ಲ. ಹೆದ್ದಾರಿಯು ಊರ ನಡುವೆಯೇ ಹಾದುಹೋಗುತ್ತಿತ್ತು. ಅದರ ಮಗ್ಗುಲಿನ ಅಂಗಡಿಗಳಲ್ಲಿ ಕೆಂಪು, ಹಳದಿ, ಹಸುರು ಬಣ್ಣದ ಬೊಂಬೆಗಳ ಸಾಲು. ಮಗು ಕೈ ಚಾಚಿತೆಂದರೆ ತಂದೆಯ ಕೈ ಜೇಬಿಗೆ ಹೋಗಲೇಬೇಕು.

ಈ ದಾರಿಯ ವ್ಯಾಪಾರ ಇಂದು ನಿನ್ನೆಯದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿ ಗಾಜಿನ ಬಳೆಗಳನ್ನೂ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನೂ ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಚನ್ನಪಟ್ಟಣದ ತಂತಿಯಿಲ್ಲದೆ ವೀಣೆ ನುಡಿಯದಿದ್ದ ಮನೆಗಳೆಷ್ಟಿದ್ದುವೋ! ಆ ಕಸುಬುಗಳ ಹೆಸರು ಈಗ ಗ್ಯಾಸೆಟಿಯರಿನ ಹಾಳೆಗಳಲ್ಲಿ ಉಳಿದಿದೆ. ಊರಿಗೆ ಹೆಸರು ತಂದು ನಿಂತದ್ದು ಬೊಂಬೆಯೇ.

1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಓಡತೊಡಗಿತು. ಆದರೆ ರೈಲು ಊರಿನಲ್ಲಿ ನಿಲ್ಲುತ್ತಿತ್ತು. ಮುಂದೆ ಬಸ್ಸು ಬಂದಿತು, ಕಾರು ಬಂದಿತು, ಅವೂ ನಿಂತುವು. ನಿಲ್ಲುವವರಿರುವ ತನಕ ಬೀದಿಗೆ ಭಯವಿರಲಿಲ್ಲ.

ಬೊಂಬೆಯ ಹುಟ್ಟು ಒಳಗಿನ ಓಣಿಗಳಲ್ಲಿ. ಒಣಗಿಸಿದ ಆಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುತ್ತಾರೆ. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುವರು. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಅಂಟಬೇಕು, ಕುಂಚದ ಹಂಗಿಲ್ಲ. ಕೊನೆಗೆ ತಾಳೆಯ ಗರಿಯಿಂದ ತಿಕ್ಕಿದಾಗ ಹೊಳಪೇರುತ್ತದೆ. ಪ್ಲಾಸ್ಟಿಕ್ ಆಟಿಕೆಗಳು ಅಗ್ಗವಾಗಿ ಬಂದು ಸುರಿದಾಗಲೂ ಈ ಕಸುಬು ಹೇಗೋ ಉಸಿರು ಹಿಡಿದುಕೊಂಡಿತು; ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆಯಿತು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ರಾಮನಗರವನ್ನೂ ಚನ್ನಪಟ್ಟಣವನ್ನೂ ಹೊರಗಿನಿಂದಲೇ ಬಳಸಿ ಹೋಗುತ್ತದೆ. ದೂರದ ಕಾರುಗಳು ಅತ್ತ ತಿರುಗಿದೊಡನೆ ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೂ ಹೋಟೆಲುಗಳಿಗೂ ಗಿರಾಕಿಗಳು ಕಡಮೆಯಾದರು. ಹಾಗೆಂದು ಹೊಸ ರಸ್ತೆಯನ್ನು ಹಳಿಯುವುದು ನ್ಯಾಯವಲ್ಲ. ವಾಹನಗಳ ಒತ್ತಿನಲ್ಲಿ ಸಿಕ್ಕಿ, ಈ ಊರು ಯಾವಾಗ ಮುಗಿದೀತೋ ಎಂದು ಗೊಣಗಿದವರು ಅದೇ ಪ್ರಯಾಣಿಕರಲ್ಲವೆ? ಬೀದಿ ದಾಟಲು ಜೀವವನ್ನು ಕೈಯಲ್ಲಿ ಹಿಡಿದ ಊರಿನ ಮುದುಕರಿಗೂ ಈಗ ಕೊಂಚ ನೆಮ್ಮದಿಯಿದ್ದೀತು.

ಅದೇ ವರ್ಷದ ಆಗಸ್ಟಿನಿಂದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳಿಗೆ ಪ್ರವೇಶ ನಿಂತಿತು. ಅವೆಲ್ಲ ಹಳೆಯ ಬೀದಿಯ ಬಂಧುಗಳೇ. ಆದರೆ ದಿನವೂ ಕೆಲಸಕ್ಕೆ ಓಡಾಡುವ ಊರವನು ದಿನಕ್ಕೊಂದು ಬೊಂಬೆ ಕೊಳ್ಳುವನೆ? ಕೊಳ್ಳಬೇಕಾದವರು ಊರಿಗೆ ಮುಂಚೆಯೇ ಹೆದ್ದಾರಿಯಿಂದಿಳಿದು ಬರಬೇಕು. ಅಷ್ಟರಲ್ಲಿ ಮಡಿಲಿನ ಮಗು ನಿದ್ದೆಹೋಗಿರುತ್ತದೆ. ಎಬ್ಬಿಸುವ ಮನಸ್ಸು ಯಾರಿಗೂ ಬರುವುದಿಲ್ಲ.